ನಾಲ್ಕು ದಿನದ ದಾರಿ

ನ್ಯೂಜಿಲೆಂಡಿನಲ್ಲಿ ಮಿಡಲ್‌ಮಾರ್ಚ್‌ನಿಂದ ಕ್ಲೈಡ್‌ವರೆಗಿನ ರೈಲು 1990ರಲ್ಲಿ ನಿಂತುಹೋಯಿತು. ಹಳಿ ಕಿತ್ತ ಆ 152 ಕಿ.ಮೀ. ದಾರಿ 2000ದಿಂದ ಸೈಕಲ್ಲಿನವರದು; ಹೆಸರು ಒಟಾಗೊ ಸೆಂಟ್ರಲ್ ರೈಲ್ ಟ್ರಯಲ್. ಉಗಿಬಂಡಿ ಕಡಿದಾದ ಏರು ಹತ್ತಲಾರದು. ಹಾಗಾಗಿ ಅಂದು ಗುಡ್ಡ ಬಳಸಿ, ಸುರಂಗ ಕೊರೆದು ಹದಮಾಡಿದ ಏರಿನಲ್ಲಿ ಇಂದು ಅಜ್ಜಿ ಮೊಮ್ಮಕ್ಕಳೂ ಪೆಡಲ್ ತುಳಿಯಬಹುದು.

ಗಟ್ಟಿಗರು ಒಂದೇ ದಿನದಲ್ಲಿ ಮುಗಿಸಿಯಾರು. ಮುಗಿಸಿ ಬಂದದ್ದೇನು? ರೈಲು ಹೋಗಿ ಸೊರಗಿದ್ದ ಊರುಗಳಿಗೆ ಅನ್ನವಾದದ್ದು, ಒಮಕಾವುನಲ್ಲಿ ಊಟ, ರಾನ್‌ಫರ್ಲಿಯಲ್ಲಿ ರಾತ್ರಿ ಎಂದು ನಾಲ್ಕೈದು ದಿನ ಹರಟುತ್ತ ಸಾಗುವ ಗುಂಪುಗಳೇ. ಪೂಲ್‌ಬರ್ನ್ ಕಮರಿಯ ಸುರಂಗಗಳಲ್ಲಂತೂ ದೀಪವಿಲ್ಲ, ಟಾರ್ಚ್ ಬೇಕೇ ಬೇಕು. ಅಲ್ಲಿ ಗಟ್ಟಿಗರ ಅವಸರವೂ ನಡೆಯದು. ಗುಂಪಿನ ವೇಗವನ್ನು ಎಲ್ಲರಿಗಿಂತ ಹಿಂದಿರುವವರೇ ನಿರ್ಧರಿಸಲಿ. ಮುಂದೆ ಹೋದವರು ಮುಂದಿನ ಊರಲ್ಲಿ ಕಾಫಿ ಕುಡಿಯುತ್ತ ಕಾಯಲಿ, ದುಡ್ಡೂ ಅಲ್ಲೇ ಕೊಡಲಿ.