ಸರ್ವರ್ ಬಿದ್ದರೂ ಕೊನೇ ದಿನಾಂಕ ನಿಲ್ಲೋದಿಲ್ಲ, ಯಾಕೆ?



ಮೊನ್ನೆ ಮಸಗುಪ್ಪಿಯ ನಮ್ಮ ಕೇರಿಯ ಅಕ್ಕಾರೊಬ್ಬರು ಮಗಳನ್ನ ಕರಕೊಂಡು ನನ್ನ ಹತ್ರ ಬಂದಿದ್ರು. ಹುಡುಗಿಯ ವಿದ್ಯಾರ್ಥಿವೇತನದ ಅರ್ಜಿ. ಕಬ್ಬಿನ ಹೊಲದ ಕೂಲಿ ಬಿಟ್ಟು ಎರಡು ದಿನ ಕಂಪ್ಯೂಟರ್ ಅಂಗಡಿ ಮುಂದೆ ಕುಂತಾರೆ. ಎರಡೂ ದಿನ ಒಂದೇ ಉತ್ತರ: "ಸರ್ವರ್ ಇಲ್ರಿ, ನಾಳೆ ಬರ್ರಿ." ಮೂರನೇ ದಿನ ಸರ್ವರ್ ಬಂತು. ಅಷ್ಟರಾಗ ಕೊನೇ ದಿನಾಂಕ ಹೋಗಿತ್ತು.

ನಾನೂ ಗುಮಾಸ್ತ. ಕೌಂಟರಿನ ಈಚೆ ಕುಂತು ಈ ಮಾತನ್ನ ನಾನೂ ಎಷ್ಟೋ ಸಲ ಹೇಳೀನಿ. ಮಳೆ ಬಂತು ಅಂದಂಗ ಹೇಳ್ತೀವಿ, ಮಂದೀನೂ ಹಂಗೇ ಕೇಳಿಸಿಕೊಂಡು ಹೋಗ್ತಾರ. ಆದರೆ ಸರ್ವರ್ ಬೀಳೋದು ಮಳೆಯಲ್ಲ. ಎಲ್ಲಾ ಮಂದೀನ ಒಂದೇ ದಾರಿಯಾಗ ಬಿಡಬೇಕು ಅಂತ ಯಾರೋ ಮಾಡಿದ ತೀರ್ಮಾನ ಅದು.

2019ರ ಆಗಸ್ಟ್‌ನಲ್ಲಿ, ಮತ್ತ 2024ರ ಜುಲೈದಾಗ ಘಟಪ್ರಭಾ ತುಂಬಿ ಗೋಕಾಕ ಹತ್ತಿರದ ಲೋಳಸೂರ ಸೇತುವೆ ಮುಳುಗಿದ್ದು ನೆನಪೈತಲ್ಲ? ಸುತ್ತು ಹಾಕಿ ಹೋಗೋ ಬೇರೆ ದಾರಿ ಇದ್ದವರು ಊರು ಮುಟ್ಟಿದರು. ಕೆಲವು ದೊಡ್ಡ ಕಂಪನಿಗಳು ತಮ್ಮ ವೆಬ್‌ಸೈಟಿಗೆ ಮಾಡೋದೂ ಇದನ್ನೇ. ಎರಡು ಬೇರೆ ಬೇರೆ ಕ್ಲೌಡ್ ಕಂಪನಿಗಳಲ್ಲಿ ಜಾಗ ಹಿಡಿದು, ಬರೋ ಮಂದೀನ ಅರ್ಧ ಇತ್ತ, ಅರ್ಧ ಅತ್ತ ಕಳಿಸ್ತಾರ. ಕೆಲವು ಸೆಕೆಂಡಿಗೊಮ್ಮೆ "ಜೀವ ಐತೇನು?" ಅಂತ ಎರಡನ್ನೂ ತಟ್ಟಿ ನೋಡ್ತಿರ್ತಾರ. ಒಂದು ಉತ್ತರ ಕೊಡಲಿಲ್ಲ ಅಂದ್ರ ಎಲ್ಲರನ್ನೂ ಇನ್ನೊಂದಕ್ಕ ತಿರುಗಿಸ್ತಾರ. ಇದಕ್ಕೆ ಲೋಡ್ ಬ್ಯಾಲೆನ್ಸಿಂಗ್ ಅಂತಾರ.

ಇದು ಹೆಸರು ಹೇಳಿದಷ್ಟು ಸಲೀಸಲ್ಲ. ಈಕಡೆ ಹಾಕಿದ ಅರ್ಜಿ ಆಕಡೆಯೂ ಕಾಣಬೇಕು. ಇಲ್ಲಾಂದ್ರ ಹುಡುಗಿ ಅರ್ಜಿ ಹಾಕ್ಯಾಳ, ಕಚೇರಿಯಾಗ "ಹಾಕೇ ಇಲ್ಲ" ಅಂತ ತೋರಿಸ್ತದ. ಎರಡೂ ಕಡೆ ಮಾಹಿತಿ ಸದಾ ಒಂದೇ ಇರೋ ಹಂಗ ನೋಡಿಕೊಳ್ಳೋದೇ ದುಬಾರಿ ಕೆಲಸ. ಇನ್ನೊಂದು: ಮಂದೀನ ಹಂಚೋ ಬಾಗಿಲೇ ಒಂದು ಇದ್ದರೆ? 2025ರ ನವೆಂಬರ್ 18ರಂದು ಕ್ಲೌಡ್‌ಫ್ಲೇರ್ ಕೆಟ್ಟಾಗ ಹಿಂದಿನ ಸರ್ವರ್‌ಗಳು ನೆಟ್ಟಗಿದ್ದ ಎಷ್ಟೋ ಸೈಟುಗಳೂ ತೆರೀಲಿಲ್ಲ.

ಆದರೂ ಖರ್ಚು ಮಾಡಿದವರು ಉಳಿದಾರ. 2024ರ ಮೇದಲ್ಲಿ ಆಸ್ಟ್ರೇಲಿಯಾದ ಯೂನಿಸೂಪರ್ ಎಂಬ ಪಿಂಚಣಿ ನಿಧಿ ಗೂಗಲ್ ಕ್ಲೌಡ್‌ನಾಗ ಇಟ್ಟಿದ್ದ ಖಾಸಗಿ ಕ್ಲೌಡ್ ತಪ್ಪು ಸೆಟ್ಟಿಂಗ್‌ನಿಂದ ಅಳಿಸಿಹೋಯ್ತು. ಎರಡು ಕಡೆ ಇಟ್ಟಿದ್ದ ಪ್ರತಿಗಳೂ ಹೋದವು, ಎರಡೂ ಒಂದೇ ಕಂಪನಿಯವು. ಬೇರೆ ಕಂಪನಿಯಾಗ ಇಟ್ಟಿದ್ದ ಬ್ಯಾಕಪ್ ಕೂಡ ಇದ್ದದ್ದಕ್ಕೆ ಸುಮಾರು ವಾರದಾಗ ಎದ್ದು ನಿಂತರು. 2025ರ ಸೆಪ್ಟೆಂಬರ್‌ನಲ್ಲಿ ದಕ್ಷಿಣ ಕೊರಿಯಾದ ಡೇಜಾನ್‌ನ ಸರ್ಕಾರಿ ಡೇಟಾ ಸೆಂಟರಿನ ಬ್ಯಾಟರಿಗೆ ಬೆಂಕಿ ಬಿದ್ದು 600ಕ್ಕೂ ಹೆಚ್ಚು ಸರ್ಕಾರಿ ಸೇವೆಗಳು ನಿಂತವು. ಅಷ್ಟು ಮುಂದುವರಿದ ದೇಶದಾಗೂ ಹಿಂಗಾಯ್ತು.

ಒಂದೇ ಬಾವಿ ಇದ್ದ ಊರಾಗ ನೀರು ಯಾರ ಕೈಯಾಗ ಇರ್ತದ ಅಂತ ನಮಗ ಯಾರೂ ಕಲಿಸಬೇಕಿಲ್ಲ. (ಎರಡು ಬಾವಿ ಅಂದರೂ ನಮಗ ಬೇರೆ ನೆನಪೇ ಬರ್ತದ. ಕೇರಿಗೊಂದು, ಊರಿಗೊಂದು. ನಾನು ಕೇಳ್ತಿರೋದು ಅಂಥಾ ಎರಡಲ್ಲ, ಎಲ್ಲರಿಗೂ ತೆರೆದಿರೋ ಎರಡು.)

"ರೊಕ್ಕ ಎಲ್ಲೈತಿ?" ಅಂತೀರಿ. ಕೇಂದ್ರ ಸರ್ಕಾರದ್ದು ಮೇಘರಾಜ್ ಐತಿ, ಎನ್ಐಸಿ ಡೇಟಾ ಸೆಂಟರ್‌ಗಳು ದೆಹಲಿ, ಪುಣೆ, ಹೈದರಾಬಾದ್, ಭುವನೇಶ್ವರದಾಗ ಅದಾವ, ರಾಜ್ಯದ ಡೇಟಾ ಸೆಂಟರೂ ಐತಿ. ಅದೂ ಬ್ಯಾಡ, ರೊಕ್ಕ ಇಲ್ಲದ ದಾರೀನೂ ಐತಿ. 2023ರಾಗ ಗೃಹಲಕ್ಷ್ಮಿ ನೋಂದಣಿಗೆ ಯಾವ ದಿನ, ಎಷ್ಟು ಗಂಟೆಗೆ, ಯಾವ ಕೇಂದ್ರಕ್ಕ ಬರಬೇಕಂತ ಮೊಬೈಲಿಗೆ ಸಂದೇಶ ಕಳಿಸಿ ಮಂದೀನ ಹಂಚಿದರು. ನೋಂದಣಿಗೆ ಕೊನೇ ದಿನಾಂಕ ಇಲ್ಲ ಅಂತಲೂ ಹೇಳಿದರು. ಅಲ್ಲಿ ಆದದ್ದು ನಮ್ಮ ಹುಡುಗರ ವಿದ್ಯಾರ್ಥಿವೇತನಕ್ಕ, ಜಾತಿ ಪ್ರಮಾಣಪತ್ರಕ್ಕ ಯಾಕಾಗೋದಿಲ್ಲ?

ಸರ್ವರ್ ಎಷ್ಟು ತಾಸು ಬಿದ್ದಿತ್ತು ಅನ್ನೋದು ಯಂತ್ರದಾಗೇ ದಾಖಲಾಗಿರ್ತದ. ಅಷ್ಟು ತಾಸು ಕೊನೇ ದಿನಾಂಕ ತಾನಾಗೇ ಮುಂದಕ್ಕ ಹೋಗಬೇಕು, ಆ ದಾಖಲೆ ಎಲ್ಲರಿಗೂ ಕಾಣಬೇಕು. ಎರಡನೇ ಕ್ಲೌಡ್ ಬರೋತನಕ ನಮ್ಮ ಬೇಡಿಕೆ ಇಷ್ಟೇ.

ನಿಮ್ಮೂರಾಗ ಹಿಂಗಾದ್ರ ಪರದೆಯ ಫೋಟೋ ತೆಗೀರಿ, ದಿನಾಂಕ, ಸಮಯ ಬರೆದಿಡ್ರಿ. ಆ ಹುಡುಗಿಯ ಮನವಿಗೂ ಅಂಥಾ ಎರಡು ಫೋಟೋ ಲಗತ್ತಿಸಿ ಕೊಟ್ಟೀನಿ. ಸ್ವೀಕೃತಿ ಸಿಕ್ಕೈತಿ, ಉತ್ತರ ಇನ್ನೂ ಬಂದಿಲ್ಲ.