ಮೀನಿನ ಹೇನು

ಕುಂದಾಣವು ಇತಿಹಾಸದಲ್ಲಿ ಹೊಯ್ಸಳ ರಾಮನಾಥನ ನೆಲೆಯೆಂದು ಪ್ರಸಿದ್ಧ. ಕನ್ನಡ ಪಾಠ ಹೇಳುವ ನನಗೆ ಅದು ಭಾನುವಾರದ ಮೀನಿನ ಊರೂ ಹೌದು. ಕೆಲವು ವಾರಗಳ ಹಿಂದೆ ಅಲ್ಲಿ ಮರದ ನೆರಳಿನಲ್ಲಿ ಕೆರೆಮೀನು ಮಾರುತ್ತಿದ್ದವನ ಬಳಿ ರೋಹು ಮೀನೊಂದನ್ನು ಆರಿಸಿದೆ. ಅದರ ರೆಕ್ಕೆಯ ಬುಡದಲ್ಲಿ ತೊಗರಿಬೇಳೆಯಷ್ಟು ಅಗಲದ, ಗಾಜಿನಂಥ ಹುಳುಗಳು ಮಿಸುಕುತ್ತಿದ್ದವು. ಪಕ್ಕದಲ್ಲಿದ್ದ ವೃದ್ಧೆಯೊಬ್ಬರು ಮುಖ ಸಿಂಡರಿಸಿ ಹೊರಟೇಹೋದರು. “ಅದು ಮೀನಿನ್ ಹೇನು ಮೇಷ್ಟ್ರೇ, ತೊಳುದ್ರೆ ಓಯ್ತದೆ” ಎಂದು ಮಾರುವವನು ನಕ್ಕ.

ಅವನ ಮಾತು ನಿಜ. ಆದರೆ ಪೂರ್ತಿ ನಿಜವಲ್ಲ.

ಶಾಸ್ತ್ರಜ್ಞರು ಈ ಹೇನನ್ನು ಆರ್ಗ್ಯುಲಸ್ ಎನ್ನುತ್ತಾರೆ. ಸಿಗಡಿ, ಏಡಿಗಳ ದೂರದ ಬಳಗಕ್ಕೆ ಸೇರಿದ ಇದು ಮೀನಿನ ಮೈಗೆ ಅಂಟಿಕೊಂಡು ರಕ್ತ ಹೀರುತ್ತದೆ. ಮನುಷ್ಯನಿಗೆ ಇದರಿಂದ ರೋಗವಿಲ್ಲ. ತಿನ್ನುವವನನ್ನು ಕಾಡತಕ್ಕ ಹುಳುಗಳು ಬೇರೆ ಉಂಟು: ಕಡಲಿನ ಮೀನಿನಲ್ಲಿ ಅನಿಸಾಕಿಸ್, ಆಗ್ನೇಯ ಏಷ್ಯದ ಸಿಹಿನೀರಿನ ಮೀನಿನಲ್ಲಿ ಯಕೃತ್ತಿನ ಚಪ್ಪಟೆ ಹುಳು. ಅವುಗಳ ಅಪಾಯವೂ ಬಹುಮಟ್ಟಿಗೆ ಮೀನನ್ನು ಹಸಿಯಾಗಿ ತಿನ್ನುವವರಿಗೇ. ಈಗ ಬೆಂಗಳೂರಿನ ಹೋಟೆಲುಗಳಿಗೂ ಜಪಾನೀಯರ ಹಸಿಮೀನಿನ ಊಟ ಬಂದಿದೆ. ಅಂಥ ಮೀನನ್ನು ಶೂನ್ಯಕ್ಕಿಂತ 20 ಡಿಗ್ರಿ ಕೆಳಗೆ 7 ದಿನ ಹೆಪ್ಪುಗಟ್ಟಿಸಿಡಬೇಕೆಂದು ಅಮೆರಿಕದ ಆಹಾರ ನಿಯಮ ಹೇಳುತ್ತದೆ. ನಮ್ಮ ಅಜ್ಜಿಯರು ಯಾವ ನಿಯಮವನ್ನೂ ಓದಿದವರಲ್ಲ. ಹುಣಿಸೆಹುಳಿ, ಖಾರ ಹಾಕಿ ಚೆನ್ನಾಗಿ ಕುದಿಸಿದರು. ಕುದಿದ ಸಾರಿನಲ್ಲಿ ಹುಳು ಬದುಕದು.

ಹಾಗಾದರೆ ಭಯವೇತಕ್ಕೆ? ಹೇನು ಹತ್ತಿದ ಮೀನು ಸೊರಗುತ್ತದೆ, ಮೈ ಹುಣ್ಣಾಗುತ್ತದೆ, ಬೆಲೆ ಕುಸಿಯುತ್ತದೆ. ಸಾಲಮಾಡಿ ಕೆರೆಯನ್ನು ಗುತ್ತಿಗೆ ಹಿಡಿದವನು ಸುಮ್ಮನಿರಲಾರ. ಬೆಳೆಗೆ ಹೊಡೆಯುವ ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್‌ಗಳಂಥ ಕೀಟನಾಶಕಗಳೇ ಈ ಹೇನಿಗೂ ಮದ್ದಾಗಿ ಬಳಕೆಯಲ್ಲಿವೆ. ಅಳತೆಯರಿತು ಹಾಕಿ, ತಕ್ಕಷ್ಟು ದಿನ ಬಲೆ ಬೀಸದೆ ಕಾದರೆ ಒಂದು ಮಾತು. ಅಳತೆ ತಪ್ಪಿದರೆ, ಮಾರನೆಯ ದಿನವೇ ಸಂತೆಗೆ ತಂದರೆ? ಹುಳುವನ್ನು ಬೆಂಕಿ ಕೊಲ್ಲುತ್ತದೆ. ವಿಷದ ಶೇಷವನ್ನೂ ಪೂರ್ತಿಯಾಗಿ ಕಳೆಯುತ್ತದೆಂದು ನೆಚ್ಚುವಂತಿಲ್ಲ. ಹೇನು ಕಂಡು ಅಂಜಿದ ಆ ವೃದ್ಧೆ, ಬೇರೊಂದು ಮೀನು ಹೇನಿಲ್ಲದ್ದು ಹೇಗಾಯಿತೆಂದು ಕೇಳುವರೆ? ನಾನೂ ಅಂದಿನವರೆಗೆ ಕೇಳಿದವನಲ್ಲ. ಅಂದು ಕೇಳಿದೆ. “ಔಸ್ದಿ ಆಕುದ್ರೋ ಇಲ್ವೋ, ಗುತ್ಗೆದಾರ್ರುನ್ನೇ ಕೇಳ್ಬೇಕು” ಎಂಬ ಉತ್ತರ ಬಂತು.

ನಮ್ಮ ಜಿಲ್ಲೆಗೆ ತುಂಬಿ ಹರಿಯುವ ನದಿಯಿಲ್ಲ, ಕೆರೆಯೇ ಆಧಾರ. ಹಿಂದೆ ಬೇಸಗೆಯಲ್ಲಿ ಕೆರೆಯಂಗಳ ಬಿರಿದಾಗ, ಕಲ್ಲುಕಡ್ಡಿಗಳಿಗೆ ಅಂಟಿದ ಹೇನಿನ ಮೊಟ್ಟೆಗಳೂ ಒಣಗಿ ಸಾಯುತ್ತಿದ್ದವು. ಈಗ ಬೆಂಗಳೂರಿನ ಕೊಳಚೆನೀರನ್ನು ಎರಡು ಹಂತಗಳಲ್ಲಿ ಶುದ್ಧಿಮಾಡಿ, ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯ ಮೂಲಕ ಈ ಭಾಗದ ಹಾಗೂ ಚಿಕ್ಕಬಳ್ಳಾಪುರದ ಹಲವು ಕೆರೆಗಳಿಗೆ ತುಂಬಲಾಗುತ್ತಿದೆ. ಬತ್ತಿದ ಬಾವಿಗಳಿಗೆ ಅದು ಆಸರೆಯಾದೀತು. ಆದರೆ ಬತ್ತದ ಕೆರೆಯಲ್ಲಿ ಹೇನೂ ಬತ್ತದು. 2020ರಲ್ಲಿ ಕೇಂದ್ರ ಸರ್ಕಾರ 20,050 ಕೋಟಿ ರೂಪಾಯಿಗಳ ಮತ್ಸ್ಯ ಸಂಪದ ಯೋಜನೆಯನ್ನು ಸಾರಿತು. ಮೀನು ಹೆಚ್ಚಿದರೆ ಸಂತೋಷವೇ. ಹೊರದೇಶಕ್ಕೆ ಹೋಗುವ ಸಾಕಣೆಯ ಸಿಗಡಿಯಲ್ಲಿ ಔಷಧಿಯ ಶೇಷವನ್ನು ಪರೀಕ್ಷಿಸುವ ಏರ್ಪಾಡು ನಮ್ಮ ದೇಶದಲ್ಲಿಯೇ ಉಂಟು. ಊರಿನ ಮರದಡಿಯ ಮೀನಿಗೆ ಅಂಥ ಪರೀಕ್ಷೆ ನಡೆದುದನ್ನು ನಾನು ಕಂಡಿಲ್ಲ. ಪರದೇಶದವರ ಹೊಟ್ಟೆಗಿರುವ ಗೌರವ ನಮ್ಮವರ ಹೊಟ್ಟೆಗೆ ಬೇಡವೆ?

ವಿಷವಿಲ್ಲದ ಉಪಾಯಗಳೂ ಇವೆ. ಹಲಗೆ, ಬಿದಿರಿನ ತಟ್ಟಿಗಳನ್ನು ನೀರಿನಲ್ಲಿ ನಿಲ್ಲಿಸಿದರೆ ಹೇನು ಅವುಗಳ ಮೇಲೆ ಮೊಟ್ಟೆಯಿಡುತ್ತದೆ. ಆಗಾಗ ತೆಗೆದು ಬಿಸಿಲಿಗೆ ಒಣಗಿಸಬೇಕು. ಸಣ್ಣ ಹೊಂಡವಾದರೆ ಬತ್ತಿಸಿ ಸುಣ್ಣ ಹಾಕಬಹುದು. ಹೆಸರಘಟ್ಟದ ಮೀನುಗಾರಿಕೆ ಸಂಶೋಧನಾ ಕೇಂದ್ರ ಇಲ್ಲಿಗೆ ಬಹುದೂರವಲ್ಲ. ಅಲ್ಲಿನ ತಿಳಿವಳಿಕೆ ಗುತ್ತಿಗೆದಾರನ ದಡಕ್ಕೆ ತಲುಪಬೇಕು. ಯಾವ ಮದ್ದನ್ನು, ಎಷ್ಟು, ಎಂದು ಹಾಕಿದೆನೆಂದು ಬರೆದಿಡುವ ಪುಸ್ತಕವೊಂದು ಪ್ರತಿ ಕೆರೆಯ ಗುತ್ತಿಗೆಯ ಕರಾರಿನಲ್ಲಿಯೇ ಸೇರಬೇಕು. ಇದಕ್ಕೆ ಕೋಟಿಗಳ ಖರ್ಚಿಲ್ಲ.

ಅಂದು ಹೇನಿದ್ದ ಆ ಮೀನನ್ನೇ ಕೊಂಡೆ. ಹೇನು ಇನ್ನೂ ಜೀವದಿಂದಿದ್ದುದೊಂದೇ ನನಗೆ ಆ ಹೊತ್ತಿಗೆ ದೊರೆತ ಭರವಸೆ. ಇಷ್ಟನ್ನೇ ನಂಬಿ ಉಣ್ಣಬೇಕಾದ ಸ್ಥಿತಿ ಯಾರಿಗೂ ಒಳ್ಳೆಯದಲ್ಲ.