ಬಣ್ಣದ ಕೆಳಗಣ ತುಕ್ಕು

ಹಳೆಯ ವಸ್ತುವಿಗೆ ಬಣ್ಣ ಬಳಿಯುವುದು ಸುಲಭ. ಅದನ್ನು ಬಣ್ಣಕ್ಕೆ ಯೋಗ್ಯವಾಗುವಂತೆ ಮಾಡುವುದು ಕಷ್ಟ. ಈ ಮಾತನ್ನು ನಾವು 2023ನೆಯ ಇಸವಿಯ ಬೇಸಗೆಯಲ್ಲಿ, ಅಮೆರಿಕದ ಒಹಾಯೋ ಪ್ರಾಂತದಲ್ಲಿರುವ ಮಗನ ಮನೆಯಲ್ಲಿ ಕಲಿತೆವು.

ಆತನು ಆಗತಾನೆ 1951ರಲ್ಲಿ ತಯಾರಾದ ಶೆವ್ರೊಲೆ ಪಿಕಪ್ ಟ್ರಕ್ಕೊಂದನ್ನು ಕೊಂಡಿದ್ದನು. ದುಂಡಾದ ಮಡ್‌ಗಾರ್ಡುಗಳು, ಹಸುರು ಬಣ್ಣ, ಕನ್ನಡಿಯಂತಹ ಹೊಳಪು, ಮದುವಣಿಗನಂತೆ ನಿಂತಿದ್ದಿತು. ಒಂದು ದಿನ ಎಂಟು ವಯಸ್ಸಿನ ಮೊಮ್ಮಗಳು ಅಯಸ್ಕಾಂತದ ಬೊಂಬೆಯೊಂದನ್ನು ಅದರ ಮೈಗೆ ಅಂಟಿಸುತ್ತ ಆಡುತ್ತಿದ್ದಳು. ಬಾಗಿಲಿಗೆ ಅಂಟಿತು, ಮಾಡಿಗೆ ಅಂಟಿತು. ಕ್ಯಾಬಿನ ಹಿಂದಣ ಕೆಳಮೂಲೆಯಲ್ಲಿ ಮಾತ್ರ ಜಾರಿಬಿದ್ದಿತು. "ತಾತಾ, ಇಲ್ಲಿ ಕಬ್ಬಿಣವೇ ಇಲ್ಲ!" ಎಂದಳು.

ಮಗನು ಕೆರೆದು ನೋಡಲಾಗಿ, ಬಣ್ಣದ ಕೆಳಗೆ ಬೆರಳು ದಪ್ಪದ ಪುಟ್ಟಿ. ಅದರ ಹಿಂದೆ ಜರ್ಜರಿತವಾದ ತಗಡು. ಕಾಲಿಡುವ ತಳದ ತಗಡೂ ಸ್ಕ್ರೂಡ್ರೈವರಿನ ಮೊನೆ ತಾಕಿದೊಡನೆ ತೂತಾಯಿತು.

ಆ ಸೀಮೆಯಲ್ಲಿ ಚಳಿಗಾಲದ ಹಿಮವು ಕರಗಲೆಂದು ರಸ್ತೆಗಳಿಗೆ ಉಪ್ಪು ಚೆಲ್ಲುವರು. ಕಬ್ಬಿಣಕ್ಕೆ ನೀರೂ ಆಮ್ಲಜನಕವೂ ಕೂಡಿದರೆ ತುಕ್ಕು ಹುಟ್ಟುವುದು; ಉಪ್ಪು ಆ ಕ್ರಿಯೆಯನ್ನು ತ್ವರಿತಗೊಳಿಸುವುದು. ಈ ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹೆಚ್ಚು ಸ್ಥಳವನ್ನು ಬೇಡುವುದರಿಂದ, ಮೇಲಣ ಬಣ್ಣವನ್ನು ಒಳಗಿನಿಂದಲೇ ಎತ್ತಿ ಒಡೆಯುವುದು.

ಮಗನು ಎರಡು ದಿನ ಮೌನವಾಗಿದ್ದು, ಮೂರನೆಯ ದಿನ, "ಅಪ್ಪಾ, ಪುಟ್ಟಿ ಮೆತ್ತಿ ಬಣ್ಣ ಹೊಡೆದು ಮಾರಿಬಿಟ್ಟರೆ ಕೊಟ್ಟ ಹಣವಾದರೂ ಬಂದೀತು" ಎಂದನು. ನಾವು ಮೂವತ್ತು ವರ್ಷ ಮಕ್ಕಳಿಗೆ ನೀತಿಯನ್ನು ಬೋಧಿಸಿದವರು. ಆದರೂ ನಿಜವನ್ನು ಹೇಳಬೇಕಾದರೆ, ಮಗನ ನಷ್ಟವನ್ನು ನೆನೆದು, "ಬೇಡ" ಎಂಬ ಮಾತು ನಮ್ಮ ಬಾಯಿಂದ ಹೊರಡಲಿಲ್ಲ. ಸೊಸೆಯು ಗಂಡನ ಕಡೆಗೆ ತಿರುಗಿ, "ಕೊಳ್ಳುವವರ ಮನೆಯಲ್ಲೂ ಮಕ್ಕಳಿರುತ್ತಾರಲ್ಲ" ಎಂದಷ್ಟೇ ಹೇಳಿದಳು. ಮಾರುವ ಮಾತು ಅಲ್ಲಿಗೆ ನಿಂತಿತು.

ಮರುದಿನದಿಂದ ಕೆಲಸ ಮೊದಲಾಯಿತು. ಗಟ್ಟಿ ಲೋಹ ಸಿಕ್ಕುವವರೆಗೆ ಕೊಳೆತ ಭಾಗವನ್ನು ಕತ್ತರಿಸಿ, ಸುಮಾರು 1.2 ಮಿಲಿಮೀಟರು ದಪ್ಪದ ಹೊಸ ತಗಡನ್ನು ಕೂರಿಸಿದನು. ಬೆಸುಗೆಯನ್ನು ಅಲ್ಲೊಂದು ಇಲ್ಲೊಂದು ಚುಕ್ಕೆಯಾಗಿ ಇಟ್ಟು ತಣಿಯಬಿಡುವನು. ಒಂದೇ ಸಮನೆ ಬೆಸೆದರೆ ಕಾವಿಗೆ ತಗಡು ಸೊಟ್ಟಗಾಗುವುದಂತೆ. ನೆಗ್ಗುಗಳನ್ನು, ಹಿಂದೆ ಕಬ್ಬಿಣದ ಗಟ್ಟಿಯನ್ನು ಆನಿಸಿ ಸುತ್ತಿಗೆಯಿಂದ ತಟ್ಟಿ ಸರಿಪಡಿಸಿದನು. ಬಳಿಕ ಎಪಾಕ್ಸಿ ಪ್ರೈಮರು, ಅದರ ಮೇಲೆ ತೆಳ್ಳಗೆ ಪುಟ್ಟಿ. ಪುಟ್ಟಿಯಲ್ಲಿ ದೋಷವಿಲ್ಲ, ತಗಡಿರಬೇಕಾದ ಸ್ಥಾನದಲ್ಲಿ ಅದು ಕುಳಿತರೆ ದೋಷ. ಕೊನೆಗೆ 80ನೆಯ ನಂಬರಿನಿಂದ 400ನೆಯದರವರೆಗೆ ಉಪ್ಪುಕಾಗದದ ಉಜ್ಜಾಟ.

ಎರಡು ಎಚ್ಚರಿಕೆಗಳು. ಹಳೆಯ ಬಣ್ಣದಲ್ಲಿ ಸೀಸವಿರಬಹುದಾದುದರಿಂದ ಅದರ ಧೂಳಿನ ಬಳಿಗೆ ಮಕ್ಕಳನ್ನು ಬಿಡಕೂಡದು. ಗಟ್ಟಿಕಾರಕವನ್ನು ಬೆರೆಸುವ ಈಗಿನ ಬಣ್ಣಗಳಲ್ಲಿ ಐಸೊಸಯನೇಟೆಂಬ ದ್ರವ್ಯವಿದ್ದು, ಉಬ್ಬಸವನ್ನು ತರಬಲ್ಲದು. ಧೂಳಿಗೆ ಕಟ್ಟುವ ಮುಖವಸ್ತ್ರವು ಅದನ್ನು ತಡೆಯದು. ಆದುದರಿಂದ ಬಣ್ಣ ಹೊಡೆಯುವ ಕೆಲಸವನ್ನು ಮಗನು ತಕ್ಕ ಸಲಕರಣೆಯುಳ್ಳ ಕಸಬುದಾರರಿಗೆ ಒಪ್ಪಿಸಿದನು.

ವಾಹನವು ಮರಳಿ ಬಂದ ದಿನ ಮೊಮ್ಮಗಳು ಬೊಂಬೆಯನ್ನು ಅದೇ ಮೂಲೆಗೆ ಒತ್ತಿದಳು. ಅಂಟಿಕೊಂಡಿತು.

ಹಳೆಯ ವಾಹನವನ್ನು ಕೊಳ್ಳುವ ಗೃಹಸ್ಥರು ಬಟ್ಟೆಯಲ್ಲಿ ಸುತ್ತಿದ ಅಯಸ್ಕಾಂತವೊಂದನ್ನು ಜೇಬಿನಲ್ಲಿರಿಸಿಕೊಳ್ಳಲಿ. ಹೊರಗೆ ಥಳಕು, ಒಳಗೆ ಹುಳಕು ಎಂಬ ಗಾದೆ ತಗಡಿಗೆ ಮಾತ್ರ ಸಲ್ಲುವುದಲ್ಲ. ಆ ದಿನ ನಮ್ಮ ಮೌನದ ಕೆಳಗಿದ್ದ ತುಕ್ಕನ್ನು ತೋರಿಸಿಕೊಟ್ಟ ಸೊಸೆಗೆ ನಾವು ಋಣಿಗಳು.